ಹಳ್ಳದ ಆಚೆ ಬಿದ್ದ ಮಳೆ

ನಾನು ಗೋವಾಕ್ಕೆ ಬಂದು ಹದಿನಾರು ವರ್ಷವಾಯಿತು. ಈ ಹದಿನಾರು ವರ್ಷದಲ್ಲಿ ನೋಡಿದ ಮಳೆಯನ್ನೆಲ್ಲ ಒಂದು ಕಡೆ ಹಿಡಿದಿಟ್ಟಿದ್ದರೆ ನಮ್ಮ ತಾಲೂಕಿನ ಕೆರೆಗಳೆಲ್ಲ ತುಂಬಿ ಕೋಡಿ ಹರಿಯುತ್ತಿದ್ದವೇನೋ. ಇಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ದಸರೆ ಬರುವ ತನಕ ಬಿಡುವುದಿಲ್ಲ. ವಾಸ್ಕೋದ ಸಡಾ ಗುಡ್ಡದ ನೆತ್ತಿಯ ಹತ್ತಿರ ನಮ್ಮ ಮನೆ. ಬಾಗಿಲಲ್ಲಿ ನಿಂತರೆ ಕೆಳಗೆ ಬಂದರು, ಅದರಾಚೆ ಸಮುದ್ರ. ಮಳೆನೀರು ಗುಡ್ಡ ಇಳಿದು, ಗಟಾರ ಹಿಡಿದು ಸೀದಾ ಸಮುದ್ರಕ್ಕೆ ಹೋಗಿ ಬೀಳುವುದನ್ನು ಹೊಸ್ತಿಲ ಮೇಲೆ ಕೂತು ಎಷ್ಟೋ ಸಲ ನೋಡಿದ್ದೇನೆ. ನೋಡುತ್ತ ನೋಡುತ್ತ ಹೊಟ್ಟೆ ಉರಿಯುತ್ತದೆ. ಇದರಲ್ಲಿ ಒಂದು ದಿನದ ಮಳೆ, ಬೇಡ, ಒಂದು ತಾಸಿನ ಮಳೆ ನಮ್ಮ ಕಡೆ ಹೋಗಿದ್ದರೆ ಎಂದು ಅನಿಸದ ವರ್ಷವಿಲ್ಲ.

ಆದರೆ ಸಮುದ್ರದ ಮೇಲಿನ ಹೊಟ್ಟೆಕಿಚ್ಚಿನಿಂದ ಯಾರಿಗೂ ಕೆಡುಕಾಗುವುದಿಲ್ಲ. ನಾನು ಈಗ ಬರೆಯುತ್ತಿರುವುದು ಮನುಷ್ಯರ ಮೇಲಿನದು. ನನ್ನ ಪಕ್ಕದ ಮನೆಯ ಹೆಂಗಸಿನ ಮೇಲಿನದು.

ಆಕೆಯನ್ನು ನಾನು ಆಪಾ ಎನ್ನುತ್ತೇನೆ, ಅವರ ಉರ್ದುವಿನಲ್ಲಿ ಅಕ್ಕ ಎಂದು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳ ತವರು ವಿಜಯಪುರದ ಕಡೆಯ ಊರು. ನನ್ನ ಗಂಡನ ಊರೂ ಆ ಕಡೆಯದೇ. ಎರಡೂ ಊರಿನ ನಡುವೆ ಒಂದು ಹಳ್ಳ, ಅಷ್ಟೇ. ಈ ದಂಡೆಯ ಮೇಲೆ ನಿಂತು ಕೂಗಿದರೆ ಆ ದಂಡೆಯಲ್ಲಿ ಎತ್ತು ಹೊಡೆಯುವವರಿಗೆ ಕೇಳಿಸುತ್ತದೆ. ಊರಲ್ಲಿ ಇದ್ದಾಗ ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಸಡಾಕ್ಕೆ ಬಂದು ಗೋಡೆಗೆ ಗೋಡೆ ಹತ್ತಿದ ಎರಡು ಮನೆಗಳಲ್ಲಿ ಬಾಡಿಗೆಗೆ ಇದ್ದ ಮೇಲೆ ಗೊತ್ತಾಯಿತು. ಅವಳ ಗಂಡ ಬಂದರಿನಿಂದ ಲಾರಿ ಹೊಡೆಯುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ನನ್ನ ಗಂಡ ಬಂದರಿನಲ್ಲೇ ಹಮಾಲಿ. ನಾವಿಬ್ಬರೂ ವೆರ್ಣಾದಲ್ಲಿ ಒಂದೇ ಔಷಧಿ ಕಾರ್ಖಾನೆಗೆ ಹೋಗುತ್ತಿದ್ದೆವು. ನಾನು ಪ್ಯಾಕಿಂಗ್‌ನಲ್ಲಿ, ಆಪಾ ಕಸ ನೀರಿನ ಕೆಲಸದಲ್ಲಿ. ನನ್ನದು ಫಸ್ಟ್ ಶಿಫ್ಟ್. ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿದರೆ ಮಧ್ಯಾಹ್ನ ಮೂರರ ಒಳಗೆ ಮನೆ. ಅವಳದು ಜನರಲ್, ಬರುವಾಗ ಸಂಜೆ ಆರು ಆಗುತ್ತಿತ್ತು.

ಎರಡೂ ಮನೆಗೆ ಸೇರಿ ಒಂದು ನಳ. ನೀರು ಬರುವುದು ದಿನ ಬಿಟ್ಟು ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ಮುಕ್ಕಾಲು ತಾಸು. ಅದೂ ಚಳಿಗಾಲ ಬಂತೆಂದರೆ ಕೆಳಗಿನ ಓಣಿಗಳಿಗೆ ಬಂದದ್ದು ನಮ್ಮ ಎತ್ತರಕ್ಕೆ ಏರದೆ ಹೋಗುವ ದಿನಗಳಿದ್ದವು. ಆ ಹೊತ್ತಿಗೆ ಮನೆಯಲ್ಲಿ ಇರುವವಳು ನಾನು. ನಾನು ರಬ್ಬರ್ ಪೈಪು ಹಚ್ಚಿ ಮೊದಲು ನನ್ನ ನೀಲಿ ಡ್ರಮ್ಮು, ಆಮೇಲೆ ಅವಳ ನೀಲಿ ಡ್ರಮ್ಮು ತುಂಬುತ್ತಿದ್ದೆ. ಅದಕ್ಕೆ ಬದಲಾಗಿ ಅಂತ ಅಲ್ಲ, ಆದರೂ ಆಪಾ ಬರುವಾಗ ವಾಸ್ಕೋ ಪೇಟೆಯಲ್ಲಿ ಇಳಿದು ನನಗೂ ಸೇರಿಸಿ ಕಾಯಿಪಲ್ಲೆ ತರುತ್ತಿದ್ದಳು. ಏಳು ವರ್ಷ ಹೀಗೇ ನಡೆದಿತ್ತು. ಒಂದು ದಿನವೂ ಒಬ್ಬರಿಗೊಬ್ಬರು ನೆನಪು ಮಾಡಬೇಕಾಗಿರಲಿಲ್ಲ.

ಆಪಾನ ಮನೆಯಲ್ಲಿ ಅವಳ ಅತ್ತೆಯೂ ಇದ್ದಳು. ಓಣಿಯವರೆಲ್ಲ ದಾದಿಮಾ ಎಂದು ಕರೆಯುತ್ತಿದ್ದ ಮುದುಕಿ. ಸೊಂಟದ ಎಲುಬು ಮುರಿದ ಮೇಲೆ ಹಾಸಿಗೆ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ. ಕಣ್ಣು ಮಂಜಾಗಿತ್ತು. ಕಿವಿ ಮಾತ್ರ ಚುರುಕು.

ಊರಲ್ಲಿ ನಮಗೆ ಮೂರು ಎಕರೆ ಎರೆಹೊಲವಿದೆ. ಮೈದುನ ನೋಡಿಕೊಳ್ಳುತ್ತಾನೆ. ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತಿ, ರಾಶಿಯಾದ ಮೇಲೆ ನಮ್ಮ ಪಾಲಿನ ಚೀಲಗಳನ್ನು ಯಾವುದಾದರೂ ಲಾರಿಗೆ ಹಾಕಿ ಕಳಿಸುತ್ತಾನೆ. ಗೋವಾದಲ್ಲಿ ಅಕ್ಕಿಗೆ ಬರವಿಲ್ಲ, ಆದರೆ ನನ್ನ ಗಂಡನಿಗೆ ರೊಟ್ಟಿ ಇಲ್ಲದೆ ಊಟವಾಗುವುದಿಲ್ಲ. ಪೇಟೆಯ ಜೋಳದ ರೊಟ್ಟಿ ತಿಂದರೆ ಹೆರವರ ಮನೆಯಲ್ಲಿ ಉಂಡಂತೆ ಆಗುತ್ತದೆ ಎನ್ನುತ್ತಾನೆ. ನನಗೂ ಅಷ್ಟೇ. ದಿನಕ್ಕೆ ಸಾವಿರ ಡಬ್ಬಿಗೆ ಮುಚ್ಚಳ ಹಾಕಿ ಬಂದವಳಿಗೆ ಸ್ವಂತ ಹೊಲದ ಹಿಟ್ಟು ನಾದಿ ರೊಟ್ಟಿ ಬಡಿಯುವಾಗ ಮಾತ್ರ ನಾನು ಇನ್ನೂ ಒಂದು ಊರಿನವಳು ಅನಿಸುತ್ತಿತ್ತು. ಆಪಾನದೂ ಇದೇ ಕತೆ. ಅವಳ ತಮ್ಮ ಹಳ್ಳದ ಆಚೆ ಅವಳ ಪಾಲನ್ನು ಸೇರಿಸಿಯೇ ಬಿತ್ತುತ್ತಿದ್ದ, ಕಾಳು ಕಳಿಸುತ್ತಿದ್ದ. ನಾವಿಬ್ಬರೂ ಪ್ರತಿವರ್ಷ ಹಿಟ್ಟು ಅದಲು ಬದಲು ಮಾಡಿ, ಯಾರ ಜೋಳದ ರೊಟ್ಟಿ ಮೆತ್ತಗೆ ಎಂದು ವಾದ ಮಾಡುತ್ತಿದ್ದೆವು.

ಎರೆಹೊಲದ ಜೋಳಕ್ಕೆ ಬಹಳ ನೀರು ಬೇಡ. ಬಿತ್ತುವಾಗ ಒಂದು ಹದ, ಆಮೇಲೆ ಒಂದು ಮಳೆ, ಉಳಿದದ್ದು ಚಳಿ ಇಬ್ಬನಿಯಲ್ಲೇ ಬೆಳೆದುಕೊಳ್ಳುತ್ತದೆ. ಆದರೆ ಆ ಒಂದು ಮಳೆ ಬೇಕೇ ಬೇಕು. ನಾನು ಹೇಳುತ್ತಿರುವ ಆ ವರ್ಷ ಹಸ್ತ ಮಳೆಗೆ ಬಿತ್ತಿದ್ದೇ ಬಂತು, ಚಿತ್ತಿ ಒಣಗಿಹೋಯಿತು, ಸ್ವಾತಿಯೂ ಹಾಗೇ ಹೋಯಿತು. ಹಿಂದಿನ ಎರಡು ಚಳಿಗಾಲದಲ್ಲೂ ಮಳೆ ಕಡಿಮೆಯಾಗಿ ಅರ್ಧ ಬೆಳೆಯಷ್ಟೇ ಬಂದಿತ್ತು. ಜೋಳ ಮೊಣಕಾಲು ಮುಟ್ಟುವ ಮೊದಲೇ ಎಲೆ ಸುರುಳಿ ಸುತ್ತಿಕೊಂಡು ನಿಂತಿದೆ ಎಂದು ಮೈದುನ ಹೇಳುತ್ತಿದ್ದ. ದಿನಾ ಸಂಜೆ ಕೆಲಸದಿಂದ ಬಂದ ಮೇಲೆ ಆಪಾ ಮತ್ತು ನಾನು ನಮ್ಮ ನಮ್ಮ ಬಾಗಿಲಲ್ಲಿ ಕೂತು ಊರಿಗೆ ಫೋನ್ ಹಚ್ಚುತ್ತಿದ್ದೆವು. ಮಾತು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಕೇಳಬೇಕಾಗಿರಲಿಲ್ಲ. ಇಬ್ಬರಿಗೂ ಇಲ್ಲ ಎನ್ನುವುದರಲ್ಲಿ ಒಂದು ಸಮಾಧಾನವಿತ್ತು. ಅದು ಎಂಥ ಸಮಾಧಾನ ಎಂದು ನನಗೆ ಆಗ ಗೊತ್ತಿರಲಿಲ್ಲ.

ದೀಪಾವಳಿ ಆಗಿ ಹತ್ತು ಹನ್ನೆರಡು ದಿನಕ್ಕೆ ಒಂದು ಸಂಜೆ ಆಪಾ ಫೋನ್ ಕಿವಿಗಿಟ್ಟವಳೇ ಎದ್ದು ನಿಂತಳು. ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಏನೋ ಕೆಟ್ಟ ಸುದ್ದಿ ಇರಬೇಕೆಂದು ಎದ್ದು ಹೋದೆ. ಅವಳು ನನ್ನ ಭುಜ ಹಿಡಿದು ಹೇಳಿದಳು:

"ಮಳಿ ಆಗೇತೆವಾ. ಬದುವು ತುಂಬಿ ನಿಂತಾವಂತ."

ನಾನು ಓಡಿಬಂದು ಮೈದುನನಿಗೆ ಫೋನ್ ಹಚ್ಚಿದೆ. ಹಳ್ಳದ ಆಚೆ ಆಗಿದ್ದು ಈಚೆ ಆಗದೆ ಇರುತ್ತದೆಯೇ? ಮೈದುನ ಹೇಳಿದ:

"ಹಳ್ಳದ ಮಟಾ ಬಂತು ನೋಡ್ರಿ ವೈನಿ. ನಾ ಬದುವಿನ ಮ್ಯಾಲೆ ನಿಂತಿದ್ದೆ. ಆಚಿ ದಂಡಿಗಿ ಸುರಿಯೋದು ಕಾಣತಿತ್ತು, ಮಣ್ಣಿನ ವಾಸನಿ ಬರತಿತ್ತು. ನಮ್ಮ ಕಡಿ ಹನಿ ಸುದ್ದಾ ಬೀಳಲಿಲ್ಲ."

ಆ ಸಂಜೆ ಆಪಾ ಶಾವಿಗೆ ಪಾಯಸ ಮಾಡಿ ದೊಡ್ಡ ಬಟ್ಟಲಿನ ತುಂಬ ನಮಗೂ ತಂದಳು. ನಿಮ್ಮ ಕಡೆ ಆಯಿತೇ ಎಂದು ಕೇಳಿದಳು. ಇಲ್ಲ ಎಂದೆ. ಅವಳ ಮುಖ ಸಣ್ಣದಾಯಿತು. ಇವತ್ತು ನಮಗೆ, ನಾಳೆ ನಿಮಗೆ, ಮೋಡ ಅಲ್ಲೇ ಇದೆಯಂತೆ ಎಂದು ಸಮಾಧಾನ ಹೇಳಿದಳು. ಅವಳು ಮನಸ್ಸಿನಿಂದಲೇ ಹೇಳಿದಳು, ಅದರಲ್ಲಿ ಸಂಶಯವಿಲ್ಲ. ನನಗೆ ಮಾತ್ರ ಆ ಸಮಾಧಾನವೇ ಚುಚ್ಚಿತು. ಗಂಡ ಪಾಯಸ ಚೊಲೋ ಆಗೈತಿ ಎಂದು ಎರಡು ಸಲ ಹಾಕಿಸಿಕೊಂಡ. ನನ್ನ ಬಟ್ಟಲನ್ನು ನಾನು ಯಾರೂ ಕಾಣದಂತೆ ಗಟಾರಕ್ಕೆ ಸುರಿದೆ.

ಮರುದಿನ ಅವಳ ತಮ್ಮ ಮಳೆಯ ವಿಡಿಯೋ ಕಳಿಸಿದ. ಅದನ್ನು ಆಪಾ ದಾದಿಮಾನ ಕಿವಿಗೆ ಹಿಡಿದು ಕೇಳಿಸುತ್ತಿದ್ದಳು. ನಮ್ಮಿಬ್ಬರ ಮನೆಯ ನಡುವಿನ ಗೋಡೆ ಒಂದೇ ಇಟ್ಟಿಗೆ ದಪ್ಪ. ನಾನು ಒಲೆಯ ಮುಂದೆ ಕೂತರೆ ಆ ಕಡೆಯಿಂದ ಮಳೆಯ ಸಪ್ಪಳ ಬರುತ್ತಿತ್ತು. ಜೋಳದ ಎಲೆಯ ಮೇಲೆ ಬೀಳುವ ಮಳೆಗೆ ಬೇರೆಯೇ ಸಪ್ಪಳವಿದೆ, ತಿಳಿದವರಿಗೆ ಗೊತ್ತಾಗುತ್ತದೆ. ಅರ್ಧ ನಿಮಿಷದ ವಿಡಿಯೋ. ಮುಗಿಯುತ್ತಿತ್ತು, ಮತ್ತೆ ಹಚ್ಚುತ್ತಿದ್ದರು. ಮುದುಕಿ ಮತ್ತೆ ಹಚ್ಚು ಎನ್ನುವುದು ಕೇಳಿಸುತ್ತಿತ್ತು. ಮೂರು ದಿನ ಹೀಗೇ ನಡೆಯಿತು. ಯಾರಿಗೂ ಕೈಯಿಟ್ಟು ತೋರಿಸಲಾಗದ ಒಂದು ನೋವು ಅದು. ಮಳೆ ಆದವರು ಸಂತೋಷಪಡಬಾರದೇ? ಪಡಬಾರದು ಎಂದೇ ನನಗೆ ಅನಿಸುತ್ತಿತ್ತು.

ನಾಲ್ಕನೆಯ ದಿನ ನೀರಿನ ಸರದಿ. ನಾನು ಶಿಫ್ಟ್ ಮುಗಿಸಿ ಬಂದು ಬಾಗಿಲು ತೆಗೆಯುವಷ್ಟರಲ್ಲಿ ನಳ ಸುಸ್ ಎಂದಿತು. ಪೈಪು ನನ್ನ ಡ್ರಮ್ಮಿಗೆ ಬಿಟ್ಟೆ. ಅದು ತುಂಬುತ್ತಿರುವಾಗ ಮೈದುನನ ಫೋನ್ ಬಂತು. ಹೊಲದ ಬಿರುಕಿನಲ್ಲಿ ಮೊಣಕೈ ತನಕ ಕೈ ಹೋಗುತ್ತದೆ, ಎಡೆಕುಂಟೆ ಹೊಡೆದು ಮುಚ್ಚಿದರೂ ಮತ್ತೆ ಬಿಡುತ್ತಿದೆ ಎಂದ. ಆಮೇಲೆ ತಾನಾಗಿಯೇ, ಹಳ್ಳದ ಆಚೆಯ ಬೆಳೆ ಮೂರೇ ದಿನದಲ್ಲಿ ಕಡುಹಸಿರು ತಿರುಗಿ ಕರ್ರಗೆ ಎದ್ದಿದೆ, ಜನ ನೋಡಲು ಹೋಗುತ್ತಿದ್ದಾರೆ ಎಂದ.

ಫೋನ್ ಇಟ್ಟಾಗ ನನ್ನ ಡ್ರಮ್ಮು ತುಂಬಿ ತುಳುಕುತ್ತಿತ್ತು. ಪೈಪು ಎತ್ತಿಕೊಂಡೆ. ಆಪಾನ ಡ್ರಮ್ಮು ನಾಲ್ಕು ಹೆಜ್ಜೆಯಲ್ಲಿತ್ತು. ಅದರ ಮುಚ್ಚಳ ತೆಗೆದು ನೋಡಿದೆ, ತಳದಲ್ಲಿ ಒಂದು ಚೊಂಬಿನಷ್ಟು ನೀರು. ನಳ ಇನ್ನೂ ಜೋರಾಗಿಯೇ ಬರುತ್ತಿತ್ತು. ಆಕೆಗೆ ಮಳೆ ಆಗೇತಿ, ಇದೂ ಬೇಕೇ ಎಂಬ ಒಂದು ಮಾತನ್ನು ನನ್ನೊಳಗೆ ಯಾರೋ ಹೇಳಿದಂತಾಯಿತು. ಯಾರೋ ಅಲ್ಲ, ನಾನೇ. ಮುಚ್ಚಳ ಮುಚ್ಚಿದೆ. ನಳ ಬಂದ್ ಮಾಡಿದೆ. ಪೈಪು ಸುತ್ತಿ ಮೊಳೆಗೆ ಹಾಕಿದೆ.

ಒಳಗಿನಿಂದ ದಾದಿಮಾ ಕೇಳಿದಳು:

"ಬೇಟಿ, ನಳ ಬಂತೇನ?"

"ಇಲ್ರಿ ದಾದಿಮಾ. ಇವತ್ತ ಮ್ಯಾಲ ಏರಲಿಲ್ಲ."

ಚೆಲ್ಲಿದ್ದ ನೀರನ್ನು ಕಾಲಿನಿಂದ ಸರಿಸಿ ಒಳಗೆ ಹೋದೆ.

ಆಪಾ ಆರು ಗಂಟೆಗೆ ಬಂದಳು. ನನ್ನ ಪಾಲಿನ ಮೆಂತೆ ಕಟ್ಟು ಕೊಡುತ್ತ, ಡ್ರಮ್ಮು ಖಾಲಿ ಇದೆಯಲ್ಲ ಎಂದಳು. ಕೆಳಗಿನ ಓಣಿಗೆ ಬಂದಿತ್ತು, ನಮಗೆ ಏರಲಿಲ್ಲ ಎಂದೆ. ಅವಳು ನಂಬಿದಳು. ನಂಬದೆ ಇರಲು ಏನಿತ್ತು? ಒಳಗೆ ಹೋದಳು. ಗೋಡೆಯ ಆಚೆ ಅತ್ತೆ ಸೊಸೆ ತಮ್ಮ ಭಾಷೆಯಲ್ಲಿ ಮಾತಾಡುವುದು ಕೇಳಿಸಿತು. ಅಷ್ಟು ವರ್ಷದಲ್ಲಿ ನನಗೂ ಅದು ತಿಳಿಯುತ್ತಿತ್ತು. ನಳ ಬಂದಿತ್ತು, ಡ್ರಮ್ಮು ತುಂಬುವ ಸಪ್ಪಳ ನಾನೇ ಕೇಳಿದೆ ಎಂದು ಮುದುಕಿ ಹೇಳುತ್ತಿದ್ದಳು. ಆಪಾ ಗದರಿಸಿದಳು. ಆಕೆ ಸುಳ್ಳು ಹೇಳುವ ಪೈಕಿ ಅಲ್ಲ, ನಿಮ್ಮ ಕಿವಿಯೂ ಹೋಯಿತು ಈಗ, ದಿನವಿಡೀ ಆ ವಿಡಿಯೋ ಕೇಳಿ ಕೇಳಿ ಎಲ್ಲ ಕಡೆ ನೀರೇ ಕೇಳಿಸುತ್ತದೆ ನಿಮಗೆ ಎಂದಳು.

ನಾನು ಹಿಟ್ಟಿನಲ್ಲಿ ಕೈಯಿಟ್ಟುಕೊಂಡು ಕೂತಿದ್ದೆ. ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ರೊಟ್ಟಿ ಬಡಿಯಲು ಶುರು ಮಾಡಿದೆ.

ಆಪಾ ಕೊಡ ತೆಗೆದುಕೊಂಡು ಕೆಳಗಿನ ಓಣಿಗೆ ಹೋದಳು. ಅಲ್ಲಿ ಅವರಿಗೆ ಪರಿಚಯದವರ ಮನೆಯಿತ್ತು. ಎಪ್ಪತ್ತು ಎಂಬತ್ತು ಮೆಟ್ಟಿಲು ಇಳಿದು, ತುಂಬಿದ ಕೊಡ ಹೊತ್ತು ಮತ್ತೆ ಅಷ್ಟೇ ಹತ್ತಿ ಬರಬೇಕು. ಅವಳು ಏದುಸಿರು ಬಿಡುತ್ತ ಬಂದದ್ದು ಕೇಳಿಸಿತು. ತನ್ನ ಮನೆ ದಾಟಿ ನನ್ನ ಬಾಗಿಲ ಕಡೆ ಚಪ್ಪಲಿ ಸಪ್ಪಳ ಬಂತು.

"ಏ ತಂಗಿ, ನಿನ್ನ ಮನ್ಯಾಗೂ ನೀರಿಲ್ಲಲ್ಲ. ಮೊದಲ ಒಂದ್ ಕೊಡಾ ನಿನಗ ಹಾಕತೀನಿ ತಡಿ," ಎಂದಳು.

ನಾನು ಏಳುವಷ್ಟರಲ್ಲಿ ಅವಳು ಮುಚ್ಚಳ ತೆಗೆದಾಗಿತ್ತು. ಬಾಗಿಲಿಗೆ ಬಂದು ನಿಂತೆ. ಸೂರ್ಯ ಮುಳುಗಿದ್ದರೂ ಇನ್ನೂ ಬೆಳಕಿತ್ತು. ಡ್ರಮ್ಮು ಕಂಠಮಟ್ಟ ತುಂಬಿತ್ತು. ಆಪಾ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಆ ನೀರನ್ನೇ ನೋಡುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ಮುಚ್ಚಳವನ್ನು ಮೆಲ್ಲಗೆ ಮೊದಲಿದ್ದ ಹಾಗೇ ಮುಚ್ಚಿ, ಒಂದು ಕಡೆ ಎದ್ದಿದ್ದದ್ದನ್ನು ಒತ್ತಿ ಸರಿ ಮಾಡಿದಳು.

"ನಿನಗ ಐತಲ್ಲ," ಎಂದಳು. ಅಷ್ಟೇ.

ಆ ಕೊಡವನ್ನು ತನ್ನ ಡ್ರಮ್ಮಿಗೆ ಹಾಕಿದಳು. ಆಮೇಲೆ ಮತ್ತೆ ಮೂರು ಸಲ ಇಳಿದು ಹತ್ತಿದಳು. ಒಂದೊಂದು ಸಲವೂ ಅವಳ ಚಪ್ಪಲಿಯ ಸಪ್ಪಳ ನನ್ನ ಬಾಗಿಲ ಮುಂದೆ ಹಾದು ಹೋಯಿತು. ನಾನು ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಒಳಗೇ ಇದ್ದೆ. ನಾಚಿಕೆಯಾಗಿತ್ತು, ಅದು ನಿಜ. ಆದರೆ ನಾಚಿಕೆಯ ಕೆಳಗೆ ಇನ್ನೊಂದು ಇತ್ತು. ಮಳೆ ಆದವಳು ಹತ್ತಲಿ ಬಿಡು ಎನ್ನುವುದು ಆಗಲೂ ಪೂರ್ತಿ ಹೋಗಿರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಆಪಾ ಜಗಳಕ್ಕೆ ಬರಲಿಲ್ಲ. ಓಣಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಸೂಪರ್‌ವೈಸರ್‌ಗೆ ಹೇಳಿ ಶಿಫ್ಟ್ ಬದಲಿಸಿಕೊಂಡಳು. ಮುಂದಿನ ವಾರದಿಂದ ನಸುಕಿನ ಬಸ್ಸಿನಲ್ಲಿ ನನ್ನ ಜೊತೆಗೇ ಬರತೊಡಗಿದಳು. ನನಗಿಂತ ಎರಡು ಸೀಟು ಮುಂದೆ ಕೂರುತ್ತಿದ್ದಳು. ಮಧ್ಯಾಹ್ನ ನಳ ಬಂದಾಗ ಇಬ್ಬರೂ ಇರುತ್ತಿದ್ದೆವು. ಅವಳು ತನ್ನದು ತುಂಬಿಕೊಂಡು ಪೈಪನ್ನು ನನ್ನ ಕೈಗೆ ಕೊಡುತ್ತಿದ್ದಳು. ಒಂದು ದಿನ ನಾನು ಮೊದಲು ಬಂದವಳು ಅವಳ ಡ್ರಮ್ಮಿಗೇ ಮೊದಲು ಪೈಪು ಬಿಟ್ಟೆ. ಅವಳು ಬಂದು ನೋಡಿದಳು. ಪೈಪು ತೆಗೆದು ನನ್ನ ಡ್ರಮ್ಮಿಗೆ ಹಾಕಿ ಒಳಗೆ ಹೋದಳು.

ಕಾಯಿಪಲ್ಲೆ ಬರುವುದು ನಿಂತಿತು. ಗಂಡ ಏನಾಯಿತು ಎಂದು ಕೇಳಿದ. ಹೆಂಗಸರ ಮಾತು, ನಿನಗ್ಯಾಕೆ ಎಂದೆ.

ಡಿಸೆಂಬರ್‌ನಲ್ಲಿ ಪೂರ್ವದ ಸಮುದ್ರದಲ್ಲಿ ಗಾಳಿ ಎದ್ದಿದೆ, ಉತ್ತರ ಕರ್ನಾಟಕದಲ್ಲಿ ಅಲ್ಲಲ್ಲಿ ಹಗುರ ಮಳೆಯಾಗಬಹುದು ಎಂದು ಸುದ್ದಿ ಬಂತು. ಆ ಅಲ್ಲಲ್ಲಿ ಎಂಬ ಮಾತನ್ನು ಹಿಡಿದುಕೊಂಡು ನಾನು ನಾಲ್ಕು ದಿನ ಬದುಕಿದೆ. ದೊಡ್ಡ ಮಳೆ ಬೇಡ, ಬಿರುಕು ಮುಚ್ಚುವಷ್ಟು, ತೆನೆ ಹೊರಬರುವಷ್ಟು ಸಾಕು ಎಂದು ಪ್ಯಾಕಿಂಗ್ ಬೆಲ್ಟಿನ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದೆ. ನಾಲ್ಕನೆಯ ದಿನ ಮಧ್ಯಾಹ್ನ ಮೋಡ ಕಟ್ಟಿತು. ಆದರೆ ಕಟ್ಟಿದ್ದು ಸಡಾದ ಮೇಲೆ. ನಾವು ಬಸ್ಸು ಇಳಿಯುವಾಗ ಹನಿ ಶುರುವಾಯಿತು. ಅರ್ಧ ತಾಸು ಚೆನ್ನಾಗಿಯೇ ಬಿತ್ತು. ನಮ್ಮ ಮನೆಮಾಲಕಿ, ಗೋವಾದವಳೇ, ಛಾವಣಿಯ ಮೇಲೆ ಒಣಹಾಕಿದ್ದ ಮೀನು ತೊಯ್ದವೆಂದು ಮಳೆಗೆ ಕೊಂಕಣಿಯಲ್ಲಿ ಬೈದಳು. ಮಾವಿನ ಹೂವೂ ಉದುರುತ್ತದೆ, ಈ ದಿನದಲ್ಲಿ ಇದು ಯಾರಿಗೆ ಬೇಕಾಗಿತ್ತು ಎಂದು ನನ್ನನ್ನೇ ಕೇಳಿದಳು. ನಾನು ಅವಳ ಮೀನು ಎತ್ತಲು ಸಹಾಯ ಮಾಡಿದೆ. ಯಾರಿಗೆ ಬೇಕಾಗಿತ್ತು ಎಂದು ಹೇಳಲಿಲ್ಲ.

ಮೈದುನನಿಗೆ ಫೋನ್ ಮಾಡಿದರೆ ಮೋಡ ಬಂದು ಹೋಯಿತು ಎಂದ. ಅಲ್ಲಿಗೆ ನಮ್ಮ ಬೆಳೆಯ ಆಸೆ ಮುಗಿಯಿತು. ಆದರೂ ನನಗೆ ಇನ್ನೊಂದು ತಿಳಿಯಬೇಕಿತ್ತು. ಆಚೆ ದಂಡೆಗೆ ಎರಡನೆಯ ಮಳೆ ಆಯಿತೇ? ಮೈದುನನನ್ನು ಕೇಳಲು ಮನಸ್ಸಾಗಲಿಲ್ಲ, ಆಪಾನನ್ನು ಕೇಳುವ ಬಾಯಿ ಉಳಿದಿರಲಿಲ್ಲ. ಆ ಸಂಜೆ ಗೋಡೆಗೆ ಕಿವಿ ಕೊಟ್ಟು ಕೂತೆ. ಆಪಾ ತಮ್ಮನ ಜೊತೆ ಮಾತಾಡುತ್ತಿದ್ದಳು. ಅಲ್ಲಿಯೂ ಆಗಿರಲಿಲ್ಲ. ನನ್ನ ಎದೆಯೊಳಗೆ ಏನೋ ಸಡಿಲಾಯಿತು, ಎದ್ದು ಹೋಗಿ ನೀರು ಕುಡಿದೆ. ಅವರ ಹೊಲಕ್ಕೆ ಮಳೆ ಬೀಳದ್ದರಿಂದ ನಮ್ಮ ಹೊಲದ ಒಂದು ಬಿರುಕೂ ಮುಚ್ಚುವುದಿಲ್ಲ. ಗೊತ್ತಿದ್ದೂ ಆ ಸಂಜೆ ರೊಟ್ಟಿ ರುಚಿಯಾಗಿತ್ತು.

ಎಳ್ಳಮಾವಾಸ್ಯೆಗೆ ಗಂಡ ಮತ್ತು ನಾನು ಎರಡು ದಿನ ರಜೆ ಹಾಕಿ ಊರಿಗೆ ಹೋದೆವು. ಬೆಳೆ ಹೇಗೇ ಇರಲಿ, ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲೇಬೇಕು. ಭರ್ತ, ಸಜ್ಜೆಕಡಬು, ಎಣ್ಣೆಗಾಯಿ ಎಲ್ಲ ಮಾಡಿಕೊಂಡು ಹೋದೆವು. ಜೋಳ ಮೊಣಕಾಲಿಗೆ ನಿಂತುಬಿಟ್ಟಿತ್ತು. ಅಲ್ಲಲ್ಲಿ ಹೆಬ್ಬೆರಳಿನಷ್ಟು ತೆನೆ, ಒಳಗೆ ಕಾಳಿಲ್ಲ. ಬಾನಲ್ಲಿ ಒಂದು ಮೋಡವಾದರೂ ಇದ್ದೀತೇ ಎಂದು ತಲೆಯೆತ್ತಿದರೆ ತೊಳೆದಿಟ್ಟ ಹಾಗಿತ್ತು. ಮೈದುನ ಚರಗ ಚೆಲ್ಲುತ್ತ ಹೊಲ ಸುತ್ತಿದ. ನಾನು ಹಿಂದೆ ನೀರು ಚಿಮುಕಿಸುತ್ತ ಹೋದೆ. ಆ ಚೊಂಬಿನ ನೀರು ಬಿದ್ದಲ್ಲೇ ಮಾಯವಾಗುತ್ತಿತ್ತು.

ಊಟ ಮಾಡುವಾಗ ನಾನು ಬೇಕೆಂದೇ ಹಳ್ಳದ ಕಡೆ ಬೆನ್ನು ಮಾಡಿ ಕೂತೆ. ಉಂಡ ಮೇಲೆ ತಡೆಯಲಾಗಲಿಲ್ಲ. ಕೈ ತೊಳೆಯುವ ನೆಪ ಮಾಡಿಕೊಂಡು ಎದ್ದು ಹಳ್ಳಕ್ಕೆ ಇಳಿದೆ. ಕಲ್ಲು ಮರಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ದಾಟಿ ಆ ದಂಡೆ ಹತ್ತಿದೆ.

ಜೋಳ ನನ್ನ ತಲೆಗಿಂತ ಎತ್ತರವಿತ್ತು. ಮುಷ್ಟಿಯಷ್ಟು ದಪ್ಪದ ತೆನೆಗಳು ಹಾಲು ತುಂಬಿ ಬಾಗಿದ್ದವು. ನಾನು ಒಂದು ತೆನೆ ಹಿಡಿದು ನೋಡಿದೆ. ತಣ್ಣಗಿತ್ತು. ಅದನ್ನು ಮುರಿದು ಹಾಕಬೇಕೆಂದು ಕೈಗೆ ಬಂದದ್ದು ಸುಳ್ಳಲ್ಲ. ಅಷ್ಟರಲ್ಲಿ ಆಪಾನ ತಮ್ಮ ನನ್ನನ್ನು ನೋಡಿದ. ಗೋವಾಕ್ಕೆ ಒಂದೆರಡು ಸಲ ಬಂದವನು, ಗುರುತು ಹಿಡಿದು ಓಡಿಬಂದ. ಅಕ್ಕ ಹೇಗಿದ್ದಾಳೆ, ನೀವು ಜೊತೆಗಿದ್ದೀರಿ ಎಂದು ನಮಗೆ ಚಿಂತೆಯೇ ಇಲ್ಲ, ಅಕ್ಕ ಫೋನಿನಲ್ಲಿ ಯಾವಾಗಲೂ ನಿಮ್ಮನ್ನು ನೆನೆಯುತ್ತಾಳೆ ಎಂದ. ಅವಳು ಅವನಿಗೂ ಹೇಳಿರಲಿಲ್ಲ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಡಿದು, ಸೀತನಿ ಮಾಡಿ ಬೆಲ್ಲ ಹಾಕಿ ಕೊಟ್ಟ. ನಾನು ಬದುವಿನ ಮೇಲೆ ಕೂತು ಅದನ್ನು ತಿಂದೆ. ಅಷ್ಟು ಸಿಹಿಯಾದ ಹಸಿಕಾಳು ಎಂದೂ ತಿಂದಿರಲಿಲ್ಲ. ಒಂದೊಂದು ಕಾಳಿಗೂ ಹೊಟ್ಟೆ ಉರಿಯಿತು.

ಹೊರಡುವಾಗ ಅವನು ಇಪ್ಪತ್ತು ಹಾಲುದೆನೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದ.

"ಅಕ್ಕಗ ಮುಟ್ಟಸ್ರಿ. ದಾದಿಮಾಗ ಸೀತನಿ ಅಂದ್ರ ಜೀವ," ಎಂದ.

ಆ ಗಂಟು ಬಸ್ಸಿನಲ್ಲಿ ನನ್ನ ತೊಡೆಯ ಮೇಲಿತ್ತು. ನಮ್ಮ ಹೊಲದಿಂದ ನಾನು ಏನನ್ನೂ ತರುತ್ತಿರಲಿಲ್ಲ. ಅವಳ ಹೊಲದ ತೆನೆಯನ್ನು ನಾನು ಹೊತ್ತುಕೊಂಡು ಹೋಗಬೇಕಾಗಿತ್ತು. ಸೀಟಿನ ಕೆಳಗೆ ಮರೆತಂತೆ ಬಿಟ್ಟು ಇಳಿದರೆ ಯಾರು ಕೇಳುತ್ತಾರೆ ಎಂದು ಬೆಳಗಾವಿ ದಾಟುವ ತನಕ ಯೋಚಿಸಿದೆ. ಘಟ್ಟ ಇಳಿಯುವಾಗ ಗೋಣಿ ಒಣಗಿರುವುದು ಕೈಗೆ ತಿಳಿಯಿತು. ಗಂಡನ ಹತ್ತಿರ ಬಾಟಲಿ ತೆಗೆದುಕೊಂಡು ಕುಡಿಯಲು ಉಳಿದಿದ್ದ ನೀರನ್ನು ಅದರ ಮೇಲೆ ಚಿಮುಕಿಸಿದೆ. ಯಾಕೆ ಹಾಗೆ ಮಾಡಿದೆ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ತೆನೆ ಬಾಡುವುದನ್ನು ಆ ವರ್ಷ ಸಾಕಷ್ಟು ನೋಡಿದ್ದೆ.

ಆಪಾ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಗಂಟನ್ನು ಅವಳ ಮುಂದೆ ಇಟ್ಟೆ. ತಮ್ಮ ಕೊಟ್ಟ ಎಂದೆ. ಅವಳು ಬಿಚ್ಚಿ ಒಂದು ತೆನೆ ಎತ್ತಿ ಮೂಸಿ ನೋಡಿದಳು. ನಾನು ನಿಂತೇ ಇದ್ದೆ.

"ಅವತ್ತ ನಳ ಬಂದಿತ್ತು ಆಪಾ," ಎಂದೆ.

"ಗೊತ್ತೈತಿ."

"ನಿನಗ ಮಳಿ ಆತಲ್ಲ ಅಂತ ಹೊಟ್ಟಿ ಉರೀತು. ಅದಕ ತುಂಬಲಿಲ್ಲ."

ಆಪಾ ತೆನೆಯಿಂದ ನಾಲ್ಕು ಕಾಳು ಬಿಡಿಸಿ ಅಂಗೈಗೆ ಹಾಕಿಕೊಂಡಳು. ಆಮೇಲೆ ತಲೆಯೆತ್ತದೆ ಹೇಳಿದಳು:

"ನಾ ನಾಕ್ ಸಲ ಏರಿಳಿದೆ, ಅದೇನ್ ದೊಡ್ಡದಲ್ಲ. ನಿನ್ನ ಸಲುವಾಗಿ ನಮ್ಮ ಅತ್ತೀಗಿ ಸುಳ್ಳಿ ಅಂದೆ. ಕಿವುಡಿ ಅಂದೆ. ನೀ ಅವರ ಕಡಿ ಕೇಳಕೋ. ನನ್ನ ಕಡಿ ಬ್ಯಾಡ."

ಒಳಗೆ ಹೋಗಿ ದಾದಿಮಾನ ಹಾಸಿಗೆಯ ಪಕ್ಕ ಕೂತೆ. ಹೇಳಿದೆ. ಮುದುಕಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಕೋಪವೇನೂ ಮಾಡಲಿಲ್ಲ. ದಾದಿಮಾನ ಗಂಡನ ಮನೆಯೂ ಹಳ್ಳದ ಆಚೆ, ಆಪಾನ ತವರೂರಿನಲ್ಲೇ ಇತ್ತು. ತಾನು ಹೊಸದಾಗಿ ಮದುವೆಯಾಗಿ ಬಂದ ವರ್ಷ ಹೀಗೇ ಆಗಿತ್ತು, ಮಳೆ ನಿಮ್ಮ ಊರಿನ ಕಡೆ ಬಿದ್ದು ನಮ್ಮ ಕಡೆ ಬೀಳಲಿಲ್ಲ ಎಂದು ಹೇಳತೊಡಗಿದಳು. ಅವಳ ಅತ್ತೆ ದಂಡೆಯ ಮೇಲೆ ನಿಂತು ನಮ್ಮ ಊರಿನ ಕಡೆ ಮಣ್ಣು ತೂರಿ ಒಂದು ತಾಸು ಬೈದಿದ್ದಳಂತೆ. ನಿಮ್ಮ ಊರಿನ ಹೆಂಗಸರೂ ಸುಮ್ಮನಿರಲಿಲ್ಲ, ಆ ದಂಡೆಯಿಂದ ತಿರುಗಿ ಬೈದರು ಎಂದು ನಕ್ಕಳು. ನಗುತ್ತಿದ್ದವಳು ನಿಲ್ಲಿಸಿ, ಆದರೆ ನೀರು ಯಾರೂ ತಪ್ಪಿಸಿರಲಿಲ್ಲ ಬೇಟಿ ಎಂದಳು. ನನ್ನ ಕೈ ಬಿಡಲಿಲ್ಲ. ನನಗೆ ಅಳು ಬಂತು. ಮುದುಕಿಗೆ ಅದು ಕಾಣಲಿಲ್ಲ, ಕೇಳಿಸಿರಬೇಕು.

ಆ ದಿನದಿಂದ ಆಪಾ ನನ್ನ ಜೊತೆ ಮಾತಾಡತೊಡಗಿದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಾಳೆ. ಆದರೆ ಜನರಲ್ ಶಿಫ್ಟಿಗೆ ಮರಳಿ ಹೋಗಲಿಲ್ಲ. ಅವಳ ಡ್ರಮ್ಮನ್ನು ಅವಳೇ ತುಂಬುತ್ತಾಳೆ. ನಾನೂ ಮತ್ತೆ ಕೇಳಲಿಲ್ಲ. ಏಳು ವರ್ಷ ಕೇಳದೆ ನಡೆದದ್ದು ಒಮ್ಮೆ ಕೆಟ್ಟ ಮೇಲೆ ಕೇಳಿ ಸರಿ ಮಾಡಿಕೊಳ್ಳುವಂಥದ್ದಲ್ಲ.

ಶಿವರಾತ್ರಿಯ ಹೊತ್ತಿಗೆ ರಾಶಿಯಾಯಿತು. ನಮ್ಮ ಮೂರು ಎಕರೆಗೆ ಒಂದೂವರೆ ಚೀಲ ಜೋಳ. ಅದನ್ನು ಬೀಜಕ್ಕೂ ಮನೆಯ ಮುದುಕರಿಗೂ ಇಟ್ಟುಕೋ ಎಂದು ಗಂಡ ತಮ್ಮನಿಗೆ ಹೇಳಿದ. ಒಣ ದಂಟಿನ ಕಣಿಕೆಯಾದರೂ ದನಕ್ಕಾಯಿತು ಎಂದು ಮೈದುನ ನಿಟ್ಟುಸಿರು ಬಿಟ್ಟ. ಆಮೇಲೆ, ನಾನು ಕೇಳದೆಯೇ, ಹಳ್ಳದ ಆಚೆ ಆಪಾನ ತಮ್ಮನಿಗೆ ಹದಿನೆಂಟು ಚೀಲ ಆಯಿತು ಎಂದ. ಮೈದುನನೇ ಅವರ ಕಣಕ್ಕೆ ಹೋಗಿ ಚೀಲ ಎತ್ತಿಸಿ ಬಂದಿದ್ದನಂತೆ.

ಆ ವರ್ಷ ನಾವು ವಾಸ್ಕೋ ಪೇಟೆಯಲ್ಲಿ ಜೋಳ ಕೊಂಡೆವು. ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತಿತ್ತು. ಗಂಡ ಏನೂ ಅನ್ನದೆ ತಿನ್ನುತ್ತಿದ್ದ. ಗೋಡೆಯ ಆಚೆಯಿಂದ ಆಪಾ ರೊಟ್ಟಿ ಸುಡುವ ವಾಸನೆ ಬಂದಾಗ ನಾನು ಕಿಟಕಿ ಮುಚ್ಚುತ್ತಿದ್ದೆ.

ಒಂದು ನಸುಕಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಆಪಾ ನಿಮ್ಮದು ಎಷ್ಟಾಯಿತು ಎಂದು ಕೇಳಿದಳು. ಒಂದೂವರೆ ಎಂದೆ. ನಿಮ್ಮದು ಎಂದು ಕೇಳಿದೆ, ಗೊತ್ತಿದ್ದೂ.

"ಏನ್ ಆಗಲಿಲ್ಲ ಬಿಡವಾ," ಎಂದಳು. "ನಾಕೋ ಐದೋ ಚೀಲ. ಕಡೀಗಿ ಹಕ್ಕಿ ಭಾಳ ತಿಂದ್ವಂತ."

ನಾನು ಅವಳ ಮುಖ ನೋಡಿದೆ. ಅವಳು ರಸ್ತೆಯ ತಿರುವಿನ ಕಡೆ, ಬಸ್ಸಿನ ದೀಪ ಕಾಣುತ್ತದೆಯೇ ಎಂದು ನೋಡುತ್ತಿದ್ದಳು. ನನ್ನ ಹೊಟ್ಟೆ ಉರಿಯಬಾರದೆಂದು ಹದಿನೆಂಟು ಚೀಲವನ್ನು ಐದು ಮಾಡಿದ್ದಳು. ಸುಳ್ಳು ನಾನೂ ಹೇಳಿದ್ದೆ. ನನ್ನ ಕೈಯಲ್ಲಿ ಆಗದ ಸುಳ್ಳು ಇದು. ಹೌದೇನು, ಪಾಪ ಎಂದೆ. ಬಸ್ಸು ಬಂತು, ಹತ್ತಿ ಅವಳ ಪಕ್ಕದಲ್ಲಿ ಕೂತೆ. ವೆರ್ಣಾ ಬರುವ ತನಕ ಅವಳ ಜೋಳವನ್ನು ಬಿಟ್ಟು ಅವಳ ಮನಸ್ಸಿನ ಮೇಲೆಯೇ ಹೊಟ್ಟೆಕಿಚ್ಚುಪಡುತ್ತಿದ್ದೆ.